ಅದಕ್ಕೆ ಬಿದ್ರಿ ಅನ್ನಬೇಡ ತಂಗಿ

ಭಾನುವಾರ ನಮ್ಮ ಮನೆಯ ವಾಟ್ಸಾಪ್ ಗುಂಪಿನಲ್ಲಿ ಆದ ಜಗಳ ಇದು. ಮಾಮಾ ಬೀದರ್‌ನಲ್ಲಿ ಬಿದ್ರಿ ಕೆಲಸ, ಅಂದರೆ ಕಪ್ಪು ಲೋಹದ ಮೇಲೆ ಬೆಳ್ಳಿ ಕೂರಿಸುವ ಕೆಲಸ, ಮಾಡುತ್ತಾರೆ. ಉಳಿದವರೆಲ್ಲ ಕಲಬುರಗಿಯವರು. ನಡುವೆ ಬಂದ ಗುಡ್ ಮಾರ್ನಿಂಗ್ ಚಿತ್ರಗಳನ್ನು ಬಿಟ್ಟಿದ್ದೇನೆ.

ತಂಗಿ: (ವಿಡಿಯೊ) ಎರಡು ದಿನ ಟ್ಯಾಬ್ಲೆಟ್ ಮೇಲೆ ಬಿಡಿಸಿದ್ದು. ರೀಲ್ಸ್‌ನಲ್ಲಿ ‘ನನ್ನ ಬಿದ್ರಿ ಕಲೆ’ ಅಂತ ಹಾಕಿದ್ದೇನೆ. ಎಲ್ಲರೂ ಲೈಕ್ ಮಾಡಿ.

ಅಕ್ಕ: ಸೂಪರ್! ನನ್ನ ಮೊಬೈಲ್ ಕವರ್ ಮೇಲೆ ಹಾಕಿಸಿ ಕೊಡು.

ಮಾಮಾ: ಹೂಬಳ್ಳಿ ಚೆನ್ನಾಗಿದೆ. ಆದರೆ ಅದಕ್ಕೆ ಬಿದ್ರಿ ಅನ್ನಬೇಡ ತಂಗಿ.

ತಂಗಿ: ಯಾಕೆ ಮಾಮಾ? ಕಪ್ಪು ಮೇಲೆ ಬೆಳ್ಳಿ ಬಣ್ಣ. ನಿಮ್ಮ ಹೂಜಿ ನೋಡಿಯೇ ಬಿಡಿಸಿದ್ದು.

ಮಾಮಾ: ಬೆಳ್ಳಿ ಬಣ್ಣ ಬೇರೆ, ಬೆಳ್ಳಿ ಬೇರೆ. ಸತುವಿಗೆ ತಾಮ್ರ ಸೇರಿಸಿ ಎರಕ ಹೊಯ್ಯಬೇಕು. ಉಳಿಯಿಂದ ಕೊರೆದು ಬೆಳ್ಳಿ ತಂತಿ ಕೂರಿಸಬೇಕು. ಆಮೇಲೆ ಬೀದರ್ ಕೋಟೆಯ ಮಣ್ಣು, ನವಸಾಗರ ಕಲಸಿದ ನೀರಿನಲ್ಲಿ ಅದ್ದಬೇಕು. ಮೈಯೆಲ್ಲ ಕಪ್ಪಾಗುತ್ತದೆ, ಬೆಳ್ಳಿ ಮಾತ್ರ ಬೆಳ್ಳಗೆ ಉಳಿಯುತ್ತದೆ. 2006ರಲ್ಲಿ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಗುರುತು, ಸಿಕ್ಕಿದ್ದು ಈ ಕೆಲಸಕ್ಕೆ. ಕಪ್ಪು ಬಣ್ಣಕ್ಕಲ್ಲ.

ಕಾಕಾ: ಬೀಗರೇ, ಸಿಟ್ಟು ಬೇಡ. ನಮ್ಮೂರಿನ ಚಿತ್ರಕಾರ ಎಸ್.ಎಂ. ಪಂಡಿತರನ್ನೇ ನೋಡಿ. ಅವರು ಕೈಯಾರೆ ಬರೆದ ಚಿತ್ರ ನಾವೆಷ್ಟು ಜನ ನೋಡಿದ್ದೇವೆ? ಕ್ಯಾಲೆಂಡರ್ ಅಚ್ಚಾದದ್ದಕ್ಕೆ ತಾನೇ ಅವರ ದೇವರುಗಳು ಮನೆ ಗೋಡೆಗೆ ಬಂದದ್ದು? ಆಗ ಅಚ್ಚಿನ ಮಶೀನು, ಈಗ ಮೊಬೈಲು.

ಮಾಮಾ: ಅಚ್ಚಾಗಲಿ, ಯಾರು ಬೇಡ ಅಂದರು? ಕ್ಯಾಲೆಂಡರನ್ನು ಕ್ಯಾಲೆಂಡರ್ ಅಂತಲೇ ಕೊಟ್ಟರು. ಎಣ್ಣೆಬಣ್ಣದ ಚಿತ್ರ ಅಂತ ಮಾರಲಿಲ್ಲ.

(ಕಾಕಾ ಹತ್ತು ನಿಮಿಷ ಟೈಪ್ ಮಾಡುತ್ತಿರುವಂತೆ ತೋರಿಸಿತು. ಕೊನೆಗೆ ಬಂದದ್ದು ಒಂದು ಹೆಬ್ಬೆರಳು.)

ಅಣ್ಣ: ಮಾಮಾ, ನಿಮಗೂ ಆರ್ಡರ್ ಬರುವುದು ವಾಟ್ಸಾಪ್‌ನಲ್ಲೇ ಅಲ್ವಾ?

ಮಾಮಾ: ಹೌದಪ್ಪ. ಹೋದ ವರ್ಷ ನನ್ನ ತಟ್ಟೆಯ ಫೋಟೊ ಕದ್ದು ಯಾರೋ ತಮ್ಮ ಪೇಜಿನಲ್ಲಿ ಹಾಕಿದ್ದೂ ಅಲ್ಲಿಂದಲೇ. ಅವರು ಮಾರಿದ್ದು ಬಣ್ಣ ಬಳಿದ ಅಲ್ಯುಮಿನಿಯಂ. ಹೆಸರು ಮಾತ್ರ ಬಿದ್ರಿ. ಗಿರಾಕಿ ನನಗೇ ಫೋನ್ ಮಾಡಿ, ಅಲ್ಲಿ ಅಗ್ಗ, ನೀವ್ಯಾಕೆ ಜಾಸ್ತಿ ಹೇಳುತ್ತೀರಿ ಅಂದರು. 2023ರಲ್ಲಿ ನಮ್ಮ ಬಿದ್ರಿ ಕಲಾವಿದ ಶಾ ರಶೀದ್ ಅಹ್ಮದ್ ಖಾದ್ರಿ ಅವರಿಗೆ ಪದ್ಮಶ್ರೀ ಬಂದಾಗ ನೀವೆಲ್ಲ ಸ್ಟೇಟಸ್ ಇಟ್ಟಿರಿ. ಒಬ್ಬರಾದರೂ ಒಂದು ಸಣ್ಣ ಡಬ್ಬಿ ಕೊಂಡಿರಾ?

ಅಕ್ಕ: (ಈ ಸಂದೇಶವನ್ನು ಅಳಿಸಲಾಗಿದೆ)

ನಾನು: ಅವಳು ಎಐಗೆ ಹೇಳಿ ಸುಮ್ನೆ ಮಾಡಿಸಿಲ್ಲ ಮಾಮಾ. ಒಂದೊಂದು ಗೆರೆ ಎಳೆದದ್ದು ವಿಡಿಯೊದಲ್ಲೇ ಇದೆ.

ಮಾಮಾ: ಕಾಣುತ್ತದೆ. ಕೈ ಇದೆ, ಅದಕ್ಕೇ ಹೇಳುತ್ತಿರುವುದು. ಎಡಗಡೆ ಬಳ್ಳಿ ನೋಡು. ಗೆರೆಗೆ ಗೆರೆ ಅಂಟಿದೆ. ಪರದೆಯಲ್ಲಿ ದೊಡ್ಡದು ಮಾಡಿಕೊಂಡು ಬರೆದಿದ್ದೀಯ. ತಟ್ಟೆ ಮೇಲೆ ಅಷ್ಟು ಹತ್ತಿರ ಉಳಿ ಹೊಡೆದರೆ ನಡುವಿನ ಅಂಚು ಒಡೆಯುತ್ತದೆ. ತಂತಿ ನಿಲ್ಲುವುದಿಲ್ಲ.

ತಂಗಿ: ನನಗೆ ತಪ್ಪಾದರೆ ಎರಡು ಬೆರಳು ತಟ್ಟಿದರೆ ಸಾಕು, ಅಳಿಸುತ್ತದೆ. ನೀವೇನು ಮಾಡುತ್ತೀರಿ?

ಮಾಮಾ: ಗೀಚುವಾಗ ತಪ್ಪಿದರೆ ಮತ್ತೆ ಮೈಲುತುತ್ತ ಸವರಿ, ಗೆರೆ ಕಾಣುವಂತೆ ಮೈ ಕಪ್ಪು ಮಾಡಿಕೊಂಡು ಬರೆಯುತ್ತೇನೆ. ಉಳಿ ಬಿದ್ದ ಮೇಲೆ ಏನೂ ಇಲ್ಲ.

ತಂಗಿ: ಸರಿ, ಹೆಸರು ಬದಲಿಸಿದೆ. ‘ಬಿದ್ರಿ ನೋಡಿ ಬಿಡಿಸಿದ ಚಿತ್ರ’. ಲೈಕ್ ಕಡಿಮೆಯಾದರೆ ನೀವೇ ಹೊಣೆ. ಬಳ್ಳಿ ತಿದ್ದಿ ಕಳಿಸಿದರೆ ಕೊರೆಯುತ್ತೀರಾ?

ಮಾಮಾ: ಮೊಬೈಲ್‌ನಲ್ಲಿ ಕಳಿಸಬೇಡ. ಅಳತೆಗೆ ತಕ್ಕ ಪ್ರಿಂಟ್ ತೆಗೆಸಿಕೊಂಡು ಬಾ. ಆರು ಇಂಚಿನ ತಟ್ಟೆ ಎರಕ ಹೊಯ್ದು ಇಟ್ಟಿದ್ದೇನೆ.

ಅಕ್ಕ: ಆ ತಟ್ಟೆ ನನಗೆ. ಎಷ್ಟು ಅಂತ ಹೇಳಿ ಮಾಮಾ.