ಎಲೆಕ್ಟ್ರಿಕ್ ಕಾರಿಗೆ ಟ್ರೈಲರ್ ಕಟ್ಟಿದೆ, ರೇಂಜ್ ಅರ್ಧಕ್ಕೆ ಇಳಿಯಿತು. ಏನು ಮಾಡಲಿ?

ಹೊಸಚಕ್ರ:

ಎಲ್ಲರಿಗೂ ನಮಸ್ಕಾರ. ಹೋದ ತಿಂಗಳು ಮೊದಲ ಸಲ ನನ್ನ ಎಲೆಕ್ಟ್ರಿಕ್ ಕಾರಿನ ಹಿಂದೆ ಟ್ರೈಲರ್ ಕಟ್ಟಿಕೊಂಡು ಹೊರಟಿದ್ದೆ. ಮುಚ್ಚಿದ ಪೆಟ್ಟಿಗೆಯಂಥ ಟ್ರೈಲರ್, ಕಾರಿಗಿಂತ ಎರಡು ಅಡಿ ಎತ್ತರ. ಸಾಮಾನು ಸೇರಿ 1,100 ಕೆಜಿ. ಕಾರಿಗೆ 1,600 ಕೆಜಿ ಎಳೆಯಲು ಅನುಮತಿ ಇದೆ. ಇನ್ನೂ 500 ಕೆಜಿ ಕೈಯಲ್ಲಿದೆ ಅಂತ ನಿಶ್ಚಿಂತೆಯಾಗಿದ್ದೆ.

ಬರೀ ಕಾರು ಓಡಿಸಿದರೆ 100 ಕಿ.ಮೀ.ಗೆ 18 ಯೂನಿಟ್ ಖರ್ಚಾಗುತ್ತದೆ. ಅವತ್ತು 36 ಆಯಿತು. ಹೊರಡುವಾಗ ಪರದೆಯಲ್ಲಿ 410 ಕಿ.ಮೀ. ಇತ್ತು. ನಾವು 40 ಕಿ.ಮೀ. ಹೋಗುವಷ್ಟರಲ್ಲಿ ಅದರಲ್ಲಿ 90 ಕರಗಿಹೋಗಿತ್ತು. ಚಾರ್ಜಿಂಗ್ ಜಾಗಕ್ಕೆ ಬಂದರೆ ಅಲ್ಲಿ ಇನ್ನೊಂದು ಕಥೆ. ಟ್ರೈಲರ್ ಸಮೇತ ಒಳಗೆ ಹೋಗಲು ಆಗಲಿಲ್ಲ, ಹೊರಗೆ ನಿಂತರೆ ಕೇಬಲ್ ಎಟುಕಲಿಲ್ಲ. ಕೊನೆಗೆ ಅಡ್ಡಡ್ಡ ನಿಲ್ಲಿಸಿ ಮೂರು ಗಾಡಿಗಳ ಜಾಗ ಮುಚ್ಚಿಬಿಟ್ಟೆ. ಹಿಂದೆ ಕಾಯುತ್ತಿದ್ದವರ ಮುಖ ನೋಡಲು ಆಗಲಿಲ್ಲ.

ನಾನು ಏನಾದರೂ ತಪ್ಪು ಮಾಡಿದೆನಾ? ಈ ಕೆಲಸಕ್ಕೆ ಡೀಸೆಲ್ ಗಾಡಿಯೇ ಬೇಕಾ? ಬ್ಯಾಟರಿ 77 ಯೂನಿಟ್‌ನದು. ಹೆಚ್ಚುಕಡಿಮೆ 100ರ ವೇಗದಲ್ಲಿ ಹೋಗುತ್ತಿದ್ದೆ.

ಹಳೇಕೊಕ್ಕೆ:

ನೀವು ತೂಕ ನೋಡಿದ್ದೀರಿ. ಬ್ಯಾಟರಿ ತಿಂದಿದ್ದು ಗಾಳಿ.

ನಾನು ಮೂರು ವರ್ಷದಿಂದ ಎಲೆಕ್ಟ್ರಿಕ್ ಕಾರಿನಲ್ಲೇ ಎಳೆಯುತ್ತಿದ್ದೇನೆ. ನನ್ನ ಹತ್ತಿರ ಎರಡು ಟ್ರೈಲರ್ ಇವೆ. ಒಂದು ತಗ್ಗಿನದು, ಮೇಲೆ ತೆರೆದದ್ದು. ಇನ್ನೊಂದು ನಿಮ್ಮದರಂತೆ ಎತ್ತರದ ಪೆಟ್ಟಿಗೆ. ತೆರೆದದ್ದಕ್ಕೆ 900 ಕೆಜಿ ಇಟ್ಟಿಗೆ ತುಂಬಿ ಎಳೆದಾಗ 100 ಕಿ.ಮೀ.ಗೆ 25 ಯೂನಿಟ್ ಹೋಯಿತು. ಪೆಟ್ಟಿಗೆಯಲ್ಲಿ ನಾಲ್ಕು ಹಾಸಿಗೆ ಬಿಟ್ಟು ಬೇರೇನೂ ಇಲ್ಲದಾಗ ಅದೇ ರಸ್ತೆಯಲ್ಲಿ, ಅದೇ ವೇಗದಲ್ಲಿ 34! ಅವತ್ತಿನಿಂದ ನಾನು ಮೊದಲು ನೋಡುವುದು ಟ್ರೈಲರಿನ ಎತ್ತರ, ಅಗಲ. ಕೆಜಿ ಆಮೇಲೆ.

ವೇಗ ಹೆಚ್ಚಿದಂತೆ ಗಾಳಿಯ ತಡೆ ಅದರ ವರ್ಗದಷ್ಟು ಏರುತ್ತದೆ. 100ರಿಂದ 80ಕ್ಕೆ ಇಳಿದರೆ ಗಾಳಿಯ ತಡೆ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಡಿಮೆಯಾಗುತ್ತದೆ. 200 ಕಿ.ಮೀ. ದಾರಿಗೆ ಅರ್ಧ ಗಂಟೆ ಹೆಚ್ಚು ಬೇಕಾಗುತ್ತದೆ, ನಿಜ. ಅದರಲ್ಲಿ ಬಹುಪಾಲು ಚಾರ್ಜರ್ ಹತ್ತಿರ ವಾಪಸ್ ಸಿಗುತ್ತದೆ.

ಪರದೆಯ 410 ನಂಬಬೇಡಿ. ಅದು ಹಿಂದಿನ ಓಡಾಟದ ಲೆಕ್ಕ. ಟ್ರೈಲರ್ ಇದ್ದಾಗ ಹೀಗೆ ಲೆಕ್ಕ ಹಾಕಿ: ದಾರಿಯಲ್ಲಿ ಬೇಗ ಚಾರ್ಜ್ ಆಗುವುದು ಹೆಚ್ಚುಕಡಿಮೆ 80 ಶೇಕಡಾದವರೆಗೆ. 10ಕ್ಕಿಂತ ಕೆಳಗೆ ಇಳಿಸಬಾರದು. ಉಳಿದ 70 ಶೇಕಡಾ ಅಂದರೆ ನಿಮ್ಮ ಬ್ಯಾಟರಿಯಲ್ಲಿ 54 ಯೂನಿಟ್. 36ರ ಖರ್ಚಿನಲ್ಲಿ 150 ಕಿ.ಮೀ. ನಿಮ್ಮ ಒಂದು ಓಟ ಅಷ್ಟೇ.

ಘಾಟಿ ಇದ್ದರೆ ಅದಕ್ಕೆ ಬೇರೆ ಲೆಕ್ಕ. ಅಲ್ಲಿ ತೂಕವೇ ಮುಖ್ಯ. ಕಾರು, ಟ್ರೈಲರ್ ಸೇರಿ 3,300 ಕೆಜಿ ಅಂದುಕೊಳ್ಳಿ, 500 ಮೀಟರ್ ಮೇಲೇರಲು ಎತ್ತರಕ್ಕೇ ನಾಲ್ಕೂವರೆ ಯೂನಿಟ್ ಬೇಕು. ಇಳಿಯುವಾಗ ಮೋಟಾರೇ ಬ್ರೇಕ್ ಹಿಡಿದು ಬ್ಯಾಟರಿ ತುಂಬಿಸುವುದರಿಂದ ಸ್ವಲ್ಪ ವಾಪಸ್ ಬರುತ್ತದೆ, ಪೂರ್ತಿ ಬರುವುದಿಲ್ಲ. ಕಾರು ನಿಧಾನಿಸಿದಾಗ ಟ್ರೈಲರ್ ಹಿಂದಿನಿಂದ ಒತ್ತುತ್ತದೆ, ಆ ಒತ್ತಡಕ್ಕೇ ಅದರ ಬ್ರೇಕ್ ಹಿಡಿಯುತ್ತದೆ. ಅಷ್ಟು ಶಕ್ತಿ ಬಿಸಿಯಾಗಿ ಹೋಯಿತು ಅಂತಲೇ ಲೆಕ್ಕ. ಇನ್ನೊಂದು ಮಾತು, ಇದು ತುಂಬಾ ಮುಖ್ಯ: ಘಾಟಿಯ ತಲೆಯಲ್ಲಿ ಬ್ಯಾಟರಿ ಪೂರ್ತಿ ತುಂಬಿಸಿಕೊಂಡು ಇಳಿಯಬೇಡಿ. ತುಂಬಿದ ಬ್ಯಾಟರಿಗೆ ಏನೂ ಹಿಡಿಸುವುದಿಲ್ಲ, ಮೋಟಾರಿನಿಂದ ಸಿಗುವ ಬ್ರೇಕ್ ಸಿಗುವುದಿಲ್ಲ. ಅಷ್ಟೂ ಭಾರ ಚಕ್ರದ ಬ್ರೇಕ್ ಮೇಲೆ ಬೀಳುತ್ತದೆ.

ಈಗ ಚಾರ್ಜರ್ ಜಾಗ. ಪೆಟ್ರೋಲ್ ಬಂಕ್‌ನಂತೆ ಈ ಕಡೆಯಿಂದ ಹೊಕ್ಕು ಆ ಕಡೆಯಿಂದ ಹೊರಬೀಳುವ ಚಾರ್ಜರ್ ಜಾಗಗಳು ತೀರಾ ಕಡಿಮೆ. ಹಾಗಾಗಿ ನಾನು ಮನೆಯಲ್ಲೇ ಕೂತು ಮ್ಯಾಪಿನಲ್ಲಿ ಮೇಲಿಂದ ತೆಗೆದ ಫೋಟೋ ನೋಡುತ್ತೇನೆ. ಪಕ್ಕದಲ್ಲಿ ಟ್ರೈಲರ್ ಬಿಡಲು ಸಮತಟ್ಟಾದ ಜಾಗ ಇದೆಯಾ ಅನ್ನುವುದೇ ನನ್ನ ಮೊದಲ ಪ್ರಶ್ನೆ. ಚಾರ್ಜರ್ ಎಷ್ಟು ವೇಗದ್ದು ಅನ್ನುವುದು ಎರಡನೆಯದು.

ಬಿಚ್ಚುವುದಕ್ಕೆ ಹೆದರಬೇಡಿ. ಟ್ರೈಲರ್ ಚಕ್ರಕ್ಕೆ ಎರಡೂ ಕಡೆ ಅಡ್ಡ ಇಡಿ, ಅದರ ಹ್ಯಾಂಡ್‌ಬ್ರೇಕ್ ಎಳೆಯಿರಿ. ಮುಂದಿನ ಪುಟ್ಟ ಚಕ್ರ ಇಳಿಸಿ. ಲೈಟಿನ ಪ್ಲಗ್, ಸೇಫ್ಟಿ ಕೇಬಲ್ ತೆಗೆಯಿರಿ. ಆಮೇಲೆ ಕೊಕ್ಕೆಯ ಹಿಡಿ ಎತ್ತಿ, ಪುಟ್ಟ ಚಕ್ರದ ಹಿಡಿಕೆ ತಿರುಗಿಸುತ್ತಾ ಹೋಗಿ. ಕಾರಿನ ಹಿಂದಿರುವ ಗುಂಡಗಿನ ಬಾಲ್‌ನಿಂದ ಟ್ರೈಲರಿನ ಕೊಕ್ಕೆ ಮೇಲೇಳುವಾಗ ಟಕ್ ಅಂತ ಸಣ್ಣ ಸದ್ದು ಬರುತ್ತದೆ, ಕಾರಿನ ಹಿಂಭಾಗ ಉಸಿರು ಬಿಟ್ಟ ಹಾಗೆ ಒಂದೆರಡು ಇಂಚು ಮೇಲೆ ಬರುತ್ತದೆ. ಮೊದಲ ಸಲ ನನಗೆ ಇಪ್ಪತ್ತು ನಿಮಿಷ ಹಿಡಿಯಿತು. ಈಗ ಆರು. ಮತ್ತೆ ಕಟ್ಟಿದ ಮೇಲೆ ಅದೇ ಹಿಡಿಕೆ ಬಿಚ್ಚುವಾಗ ತಿರುಗಿಸಿದ ಕಡೆಗೇ ಎರಡು ಸುತ್ತು ತಿರುಗಿಸಿ ಟ್ರೈಲರ್ ಮೂತಿ ಮೇಲೆತ್ತಿ ನೋಡಿ. ಅದರ ಜೊತೆ ಕಾರಿನ ಹಿಂಭಾಗವೂ ಎದ್ದರೆ ಕೊಕ್ಕೆ ಕೂತಿದೆ ಅಂತ ಅರ್ಥ. ಇದನ್ನು ಒಂದು ದಿನವೂ ಬಿಡಬೇಡಿ. ಒಮ್ಮೆ ಕೂತಿದೆ ಅಂತ ಅಂದಾಜಿನಲ್ಲಿ ಹೊರಟಿದ್ದೆ, ಗೇಟು ದಾಟುವ ಮೊದಲೇ ಕೊಕ್ಕೆ ಕಳಚಿತು. ಪುಣ್ಯಕ್ಕೆ ಅಲ್ಲಿ ಯಾರೂ ಇರಲಿಲ್ಲ.

ನಿಧಾನಸವಾರಿ:

ಮೇಲಿನವರು ಹೇಳಿದ್ದು ಸರಿ. ಕೊಕ್ಕೆಯ ಮೇಲೆ ಬೀಳುವ ಭಾರವನ್ನೂ ನೋಡಿಕೊಳ್ಳಿ, ಅದು ಎಳೆಯುವ ಮಿತಿಗಿಂತ ಬೇರೆ. ಕಾರಿನ ಪುಸ್ತಕದಲ್ಲಿ ಬರೆದಿರುತ್ತದೆ. ಮನೆಯಲ್ಲಿ ತೂಕ ನೋಡುವ ಮಷೀನ್ ಸಾಕು. ಕೊಕ್ಕೆಯ ಕೆಳಗೆ ಮರದ ತುಂಡು ನಿಲ್ಲಿಸಿ, ಮಷೀನ್ ಮೇಲೆ ಇಳಿಸಿದರೆ ಗೊತ್ತಾಗುತ್ತದೆ. ತೀರಾ ಕಡಿಮೆ ಇದ್ದರೆ ಟ್ರೈಲರ್ ಹಾವಿನ ಹಾಗೆ ಆಡುತ್ತದೆ. ಭಾರದ ಸಾಮಾನು ಆಕ್ಸಲ್ ಮೇಲೆ, ಚೂರು ಮುಂದಕ್ಕೆ ಇರಲಿ.

ಡೀಸೆಲ್ ಬೇಕಾ ಅಂತ ಕೇಳಿದಿರಿ. ಅದರಲ್ಲೂ ಖರ್ಚು ಏರುತ್ತದೆ, ಐದು ನಿಮಿಷದಲ್ಲಿ ಟ್ಯಾಂಕ್ ತುಂಬುವುದರಿಂದ ಯಾರೂ ತಲೆ ಕೆಡಿಸಿಕೊಳ್ಳುವುದಿಲ್ಲ. ಎಳೆಯುವ ಶಕ್ತಿಗೆ ಎಲೆಕ್ಟ್ರಿಕ್‌ನಲ್ಲಿ ಕೊರತೆ ಇಲ್ಲ. ಬಿಎಂಡಬ್ಲ್ಯು ಐಎಕ್ಸ್ 2,500 ಕೆಜಿ ಎಳೆಯುತ್ತದೆ, ರಿವಿಯನ್ ಆರ್1ಟಿ ಸುಮಾರು 5,000. ಇಳಿಜಾರಿನಲ್ಲಿ ದೋಣಿ ಮೇಲೆಳೆಯುವಾಗ ಕ್ಲಚ್ ಸುಡುವ ವಾಸನೆ ಇಲ್ಲ, ಇಂಚಿಂಚು ಚಲಿಸಬಹುದು. ದಿನಕ್ಕೆ 500 ಕಿ.ಮೀ. ಎತ್ತರದ ಟ್ರೈಲರ್ ಎಳೆಯುವವರಿಗೆ ನಾನು ಇವತ್ತಿಗೂ ಡೀಸೆಲ್ ಅಂತಲೇ ಹೇಳುತ್ತೇನೆ. ನಿಮ್ಮದು ವರ್ಷಕ್ಕೆ ನಾಲ್ಕು ಸಲ ಇರಬಹುದು, ಅಲ್ವಾ?

ಹೊಸಚಕ್ರ:

ಹೌದು, ನಾಲ್ಕೈದು ಸಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್. ನಿನ್ನೆ ಅದೇ ದಾರಿಯಲ್ಲಿ ಮತ್ತೆ ಹೋಗಿ ಬಂದೆ. 80 ದಾಟಲಿಲ್ಲ. ಟ್ರೈಲರ್ ಟಯರ್ ಗಾಳಿ ನೋಡಿದೆ, ಎರಡೂ ಕಡಿಮೆ ಇತ್ತು, ಸರಿ ಮಾಡಿಸಿದೆ. 100 ಕಿ.ಮೀ.ಗೆ 28 ಯೂನಿಟ್. ಚಾರ್ಜರ್‌ಗೆ 200 ಮೀಟರ್ ಮೊದಲೇ ಖಾಲಿ ಪಾರ್ಕಿಂಗ್ ಇತ್ತು, ಅಲ್ಲೇ ಟ್ರೈಲರ್ ಬಿಚ್ಚಿಟ್ಟೆ. ಬಿಚ್ಚಲು ಹದಿನೈದು ನಿಮಿಷ ಹಿಡಿಯಿತು. ಮತ್ತೆ ಕಟ್ಟಿ ಹಿಡಿಕೆ ಎರಡು ಸುತ್ತು ತಿರುಗಿಸಿದಾಗ ಕಾರಿನ ಹಿಂಭಾಗ ಎದ್ದಿತು.