ಅಪ್ಪನ ಆಕ್ಸಿಡೆಂಟ್ ಕೇಸು: ಅದಾಲತ್‌ಗೆ ಒಪ್ಪಬಹುದಾ? ಅನುಭವ ಇದ್ದವರು ಹೇಳಿ

ಸೀತಾಂಗೋಳಿ ಹುಡುಗ: ನಾಲ್ಕು ತಿಂಗಳ ಹಿಂದೆ ಅಪ್ಪನ ಸ್ಕೂಟರಿಗೆ ಕಾರು ಗುದ್ದಿತು. ಮೊಣಕಾಲಿನ ಕೆಳಗೆ ಮುರಿದು ಮಂಗಳೂರಿನಲ್ಲಿ ರಾಡ್ ಹಾಕಿದ್ದಾರೆ. ಕೇಸ್ ಇನ್ನೂ ಹಾಕಿಲ್ಲ. ಲೋಕ ಅದಾಲತ್‌ನಲ್ಲಿ (ರಾಜಿ ಮಾಡಿಸುವ ಕೋರ್ಟು) ಮುಗಿಸುವಾ ಅಂತ ಇನ್ಶೂರೆನ್ಸ್ ಕಡೆಯವರು ಹೇಳುತ್ತಿದ್ದಾರೆ. ಒಪ್ಪಬಹುದಾ? ಕೇಸ್ ಮಂಗಳೂರಿನಲ್ಲೇ ಹಾಕಲಿಕ್ಕೆ ಆಗ್ತದಾ?

ಪೆರ್ಲದವ: ನಾನು ಅದಾಲತ್‌ನಲ್ಲೇ ಮುಗಿಸಿದವನು. 3,10,000 ಅಂದ ಕೂಡಲೇ ಖುಷಿಯಲ್ಲಿ ಸಹಿ ಹಾಕಿದೆ. ಆಸ್ಪತ್ರೆ ಬಿಲ್ಲೇ 1,84,000. ಫಿಸಿಯೋಥೆರಪಿ ಸಲಕ್ಕೆ 400ರಂತೆ 22 ಸಲ. ಮಂಗಳೂರಿಗೆ ಕಾರು ಮಾಡಿಕೊಂಡು ಹೋದದ್ದು 9 ಸಲ, ಒಂದಕ್ಕೂ ಚೀಟಿ ಇಲ್ಲ, ಡ್ರೈವರ್ ನಮ್ಮ ನೆಂಟನೇ, ಅವನ ಹತ್ತಿರ ಚೀಟಿ ಕೇಳುವುದು ಹೇಗೆ? ಒಂದೂವರೆ ವರ್ಷದ ಮೇಲೆ ರಾಡ್ ತೆಗೆಸಬೇಕಾಯಿತು. 62,000. ಕೈಯಿಂದ. ಅದಾಲತ್ ತೀರ್ಪಿಗೆ ಅಪೀಲೇ ಇಲ್ಲ ಅಂತ ಆಮೇಲೆ ಗೊತ್ತಾಯಿತು.

ಮಂಜೇಶ್ವರ 43: ಗೊತ್ತಿಲ್ಲದೆ ಸಹಿ ಹಾಕಿದ್ದು ಯಾರ ತಪ್ಪು ಮಾರಾಯ್ರೇ? ನಾನು ಕಾಸರಗೋಡಿನ ಎಂಎಸಿಟಿಗೆ (ವಾಹನ ಅಪಘಾತ ಪರಿಹಾರದ ಕೋರ್ಟು) ನಾಲ್ಕು ವರ್ಷ ಅಲೆದೆ. ಮೆಡಿಕಲ್ ಬೋರ್ಡ್ 12% ಅಂಗವೈಕಲ್ಯ ಬರೆಯಿತು. ತಿಂಗಳಿಗೆ 25,000 ದುಡಿಯುತ್ತಿದ್ದೆ ಅಂದರೆ ಲೆಕ್ಕ ಪುಸ್ತಕ ಎಲ್ಲಿ ಅಂತ ಕೇಳಿದರು. ಅಡಿಕೆ ಸುಲಿಯುವವನಿಗೆ ಎಂತ ಲೆಕ್ಕ ಪುಸ್ತಕ? 11,000 ಹಿಡಿದರು. ವಯಸ್ಸು 43, ಆ ವಯಸ್ಸಿಗೆ ಗುಣಕ 14. ವರ್ಷಕ್ಕೆ 1,32,000, ಅದರ 14 ಪಟ್ಟು, ಅದರಲ್ಲಿ 12% ಅಂದರೆ 2,21,760. ಬಿಲ್ಲು, ನೋವಿನ ಹಣ, ಬಡ್ಡಿ ಬೇರೆ. ಕಾದದ್ದಕ್ಕೆ ನನಗೇನೂ ಬೇಜಾರಿಲ್ಲ.

ಬದಿಯಡ್ಕ ಮೇಷ್ಟ್ರು: ಮುಂದೆ ಆದಾಯ ಹೆಚ್ಚುತ್ತಿತ್ತು ಅಂತ 25% ಸೇರಿಸಲಿಲ್ವಾ? 40ರಿಂದ 50ರ ಸ್ವಂತ ದುಡಿಮೆಯವರಿಗೆ ಅದು ಸೇರಬೇಕು. ಸುಪ್ರೀಂ ಕೋರ್ಟಿನ 2017ರ ಪ್ರಣಯ್ ಸೇಠಿ ಕೇಸಿನ ತೀರ್ಪು.

ಮಂಜೇಶ್ವರ 43: ಅದು ಸತ್ತವರ ಕೇಸ್ ಮೇಷ್ಟ್ರೇ. ನಾನು ಬದುಕಿದ್ದೇನೆ.

ಬದಿಯಡ್ಕ ಮೇಷ್ಟ್ರು: ಕೈಕಾಲು ಊನವಾದವರಿಗೂ ಸೇರಿಸಬೇಕು ಅಂತ ಸುಪ್ರೀಂ ಕೋರ್ಟು 2020ರಲ್ಲಿ ಹೇಳಿದೆ. ನಿಮ್ಮ ವಕೀಲರು ಕೇಳಿರಲಿಕ್ಕಿಲ್ಲ. 55,440 ಹೋಯಿತು ನೋಡಿ.

ಮಂಜೇಶ್ವರ 43: ನನ್ನ ವಕೀಲರ ಸುದ್ದಿಗೆ ಬರಬೇಡಿ. 20% ತಗೊಂಡರು, ಆದರೆ ಒಂದು ಡೇಟೂ ತಪ್ಪಿಸಲಿಲ್ಲ.

ಉಪ್ಪಳದ ಅಕ್ಕ: ಸಿಕ್ಕಿದ ಹಣದಲ್ಲಿ ಪಾಲು ಅಂತ ಫೀಸು ಮಾತಾಡುವುದೇ ವಕೀಲರ ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ಅದನ್ನು ಹೆಮ್ಮೆಯಿಂದ ಬೇರೆ ಹೇಳ್ತೀರಲ್ಲ!

ಮಂಜೇಶ್ವರ 43: ಅಕ್ಕಾ, ಆರು ತಿಂಗಳು ಮಲಗಿದವನಿಗೆ ಮುಂಗಡ ಕೇಳದ ವಕೀಲರು ಸಿಕ್ಕಿದ್ದೇ ದೊಡ್ಡದು. ನಿಯಮ ತಗೊಂಡು ಗಂಜಿ ಬೇಯಿಸ್ಲಿಕ್ಕೆ ಆಗ್ತದಾ?

ಉಪ್ಪಳದ ಅಕ್ಕ: ನಮ್ಮ ಮನೆಯವರದ್ದು ಕೇಳಿ ಹಾಗಾದರೆ. ಪೊಲೀಸರು ಆಸ್ಪತ್ರೆ ಹಾಸಿಗೆ ಹತ್ತಿರ ಬಂದು ಮಲಯಾಳದಲ್ಲಿ ಹೇಳಿಕೆ ಬರೆದುಕೊಂಡರು. ಇವರಿಗೆ ಮಾತಾಡಲಿಕ್ಕೆ ಬರ್ತದೆ, ಓದಲಿಕ್ಕೆ ಬರುವುದಿಲ್ಲ. ಬಲಗೈಗೆ ಡ್ರಿಪ್ಸ್, ಎಡಗೈಯಲ್ಲಿ ಸಹಿ, ಕೋಳಿ ಕಾಲು ಗೀರಿದ ಹಾಗೆ. ಆಮೇಲೆ ಓದಿಸಿದರೆ ಇವರೇ ಬೈಕನ್ನು ಒಮ್ಮೆಲೇ ಬಲಕ್ಕೆ ತಿರುಗಿಸಿದರು ಅಂತ ಇದೆ! ನಿಮ್ಮದೂ ತಪ್ಪಿದೆ ಅಂತ ಪರಿಹಾರದಲ್ಲಿ 30% ಕಡಿತ.

ಕುಂಬಳೆ ಕಡಲು: ಕಾಸರಗೋಡಿನವರು ನಾವು 1956ರಿಂದ ಕೇರಳದಲ್ಲಿದ್ದೇವೆ. ಓದಲಿಕ್ಕೆ ಕಲಿಯಬಹುದಿತ್ತಲ್ವಾ?

ಉಪ್ಪಳದ ಅಕ್ಕ: ಮುರಿದು ಮಲಗಿದವರಿಗೆ ಅಕ್ಷರ ಕಲಿಸಲಿಕ್ಕೆ ಬರಬೇಡಿ. ಬರೆದದ್ದನ್ನು ಕನ್ನಡದಲ್ಲಿ ಒಮ್ಮೆ ಓದಿ ಹೇಳಿದ್ದರೆ ಯಾರ ಗಂಟು ಹೋಗ್ತಿತ್ತು?

ಕುಂಬಳೆ ಕಡಲು: ಎಲ್ಲದಕ್ಕೂ ಭಾಷೆಯ ಮೇಲೆ ಹಾಕುವುದು. ಹೆಲ್ಮೆಟ್ ಇತ್ತಾ?

ಉಪ್ಪಳದ ಅಕ್ಕ: ಪೆಟ್ಟಾದದ್ದು ಸೊಂಟಕ್ಕೆ. ಸೊಂಟಕ್ಕೆ ಹೆಲ್ಮೆಟ್ ಹಾಕ್ತಾರಾ ನಿಮ್ಮಲ್ಲಿ?

ಸೀತಾಂಗೋಳಿ ಹುಡುಗ: ನಾನು ಕೇಳಿದ್ದು ಅದಾಲತ್ ವಿಷಯ...

ಬದಿಯಡ್ಕ ಮೇಷ್ಟ್ರು: ತಮ್ಮಾ, 2022 ಏಪ್ರಿಲ್ 1ರಿಂದ ಕಾನೂನಿನಲ್ಲಿ ಆರು ತಿಂಗಳ ಗಡುವು ಬಂದಿದೆ. ನಿಮ್ಮದು ಈಗಾಗಲೇ ನಾಲ್ಕು ಕಳೆದಿದೆ. ಮೊದಲು ಅರ್ಜಿ ಹಾಕಿ, ರಾಜಿ ಆಮೇಲೂ ಆಗ್ತದೆ. ಸುಮ್ನೆ ಮಂಗಳೂರಿನಲ್ಲಿ ಆಪರೇಷನ್ ಆಯಿತು ಅಂತ ಅಲ್ಲಿ ಹಾಕಲಿಕ್ಕಾಗುವುದಿಲ್ಲ. ಅಪಘಾತ ಆದ ಜಾಗ, ನೀವಿರುವ ಅಥವಾ ವ್ಯಾಪಾರ ಮಾಡುವ ಜಾಗ, ಎದುರಿನವರಿರುವ ಜಾಗ, ಇದರಲ್ಲಿ ಒಂದಾಗಬೇಕು.

ಪೆರ್ಲದವ: ರಾಡ್ ತೆಗೆಯಲಿಕ್ಕೆ ಎಷ್ಟಾಗ್ತದೆ ಅಂತ ಡಾಕ್ಟರ ಹತ್ತಿರ ಈಗಲೇ ಬರೆಸಿಟ್ಟುಕೊಳ್ಳಿ. ನನ್ನದು 62,000. ಊಟದ ಖರ್ಚು ಬೇರೆ.