ಪದಚರ್ಚೆ: ಮೀನಿನ ತೊಟ್ಟಿಯಲ್ಲಿ ‘ಸೆಟ್ ಆಗು’

ಗೆಳೆಯರೇ,

ಒಂದು ಪದ ಬೇಕಾಗಿದೆ. ಮೊದಲು ಅದರ ಹಿಂದಿನ ಕಥೆ ಹೇಳಿಬಿಡುತ್ತೇನೆ. ಇಲ್ಲದಿದ್ದರೆ ‘ಹೊಂದಾಣಿಕೆ’ ಅಂತ ಒಂದೇ ಮಾತಿನಲ್ಲಿ ಮುಗಿಸಿಬಿಡುತ್ತೀರಿ.

ನಮ್ಮ ಮನೆಯ ಗೃಹಪ್ರವೇಶಕ್ಕೆ ಭಾವ ಒಂದು ಮೀನಿನ ತೊಟ್ಟಿ ಕೊಟ್ಟರು. ಎಲ್ಲರ ಮನೆಯಲ್ಲಿ ಇರುವಂಥ ಉದ್ದನೆಯ ಗಾಜಿನ ಪೆಟ್ಟಿಗೆ ಅಲ್ಲ. ಆರು ಮೂಲೆ, ಕಂಬದ ಹಾಗೆ ನಿಂತಿದೆ. ಒಂದೊಂದು ಮಗ್ಗುಲು 20 ಸೆಂಟಿಮೀಟರ್, ಎತ್ತರ 60. ಹಜಾರದ ಮೂಲೆಗೆ ಚೆಂದ. ಅಂಗಡಿಗೆ ಹೋಗಿ ಇದರಲ್ಲಿ ಯಾವ ಯಾವ ಮೀನು ಒಟ್ಟಿಗೆ ಬಿಡಬಹುದು ಅಂತ ಕೇಳಿದೆ. ಅಂಗಡಿಯವ ಎರಡು ಏಂಜೆಲ್, ಎಂಟು ನಿಯಾನ್ ಟೆಟ್ರಾ, ಆರು ಜೀಬ್ರಾ ಮೀನು ಕವರಿಗೆ ತುಂಬಿಸಿ, “ಎಲ್ಲಾ ಸೆಟ್ ಆಗುತ್ತೆ ಸರ್” ಅಂದ.

ಆರು ತಿಂಗಳಲ್ಲಿ ಏಂಜೆಲ್‌ಗಳು ಅಂಗೈಯಷ್ಟಾದವು. ನಿಯಾನ್ ಎಂಟಿದ್ದದ್ದು ಎರಡಾಯಿತು. ಜೀಬ್ರಾಗಳು ಗಾಜಿನಿಂದ ಗಾಜಿಗೆ ಹೊಡೆದುಕೊಳ್ಳುತ್ತಾ ದಿನವಿಡೀ ಗಿರಕಿ.

ಈಗ ಮಗಳು ತೊಟ್ಟಿಯ ಪಕ್ಕ ಕನ್ನಡದಲ್ಲಿ ಒಂದು ಚಾರ್ಟ್ ಬರೆದು ಅಂಟಿಸಬೇಕು ಅಂತ ಕೂತಿದ್ದಾಳೆ. ಯಾವ ಮೀನು ಯಾಕೆ ಬೇಡ ಅನ್ನುವುದರ ಪಟ್ಟಿ. ಅಲ್ಲಿ ‘ಸೆಟ್ ಆಗಲ್ಲ’ ಅಂತಲೇ ಮೂರು ಸಲ ಬರೆದಳು. ಮೂರೂ ಕಡೆ ಅರ್ಥ ಬೇರೆ ಬೇರೆ! ಆಗ ಹೊಳೆಯಿತು. ಅಂಗಡಿಯವನ ಮಾತೂ ಹೀಗೇ ಇತ್ತು. ಯಾವುದೋ ಒಂದು ಅರ್ಥದಲ್ಲಿ ನಿಜ, ಉಳಿದವುಗಳಲ್ಲಿ ಸುಳ್ಳು.

ಮೊದಲನೆಯದು ನೀರು ಮತ್ತು ಮೀನು. ಇದಕ್ಕೆ ಹುಡುಕಬೇಕಾಗಿಯೇ ಇಲ್ಲ. ಬೇರೆ ಊರಿಗೆ ಹೋಗಿ ಶೀತ ಹಿಡಿದರೆ “ನೀರು ಒಗ್ಗಲಿಲ್ಲ” ಅನ್ನುತ್ತೇವೆ, ಅಲ್ವಾ? ನಿಯಾನ್ ಟೆಟ್ರಾ ಅಮೆಜಾನ್ ಸೀಮೆಯ ತೊರೆಗಳದ್ದು. ಅಲ್ಲಿ ನೀರು ಮೆದು, ಸ್ವಲ್ಪ ಹುಳಿಯ ಕಡೆಗೆ. ನಮ್ಮದು ಬೋರ್‌ವೆಲ್ ನೀರು, ಬಕೆಟ್ಟಿನ ಅಂಚಿಗೆ ಬಿಳಿ ಪೊರೆ ಕಟ್ಟುವಂಥ ಗಡಸು. ಅದು ಗಪ್ಪಿ ಅನ್ನುವ ಪುಟ್ಟ ಮೀನಿಗೆ ಒಗ್ಗುತ್ತದೆ, ನಿಯಾನ್‌ಗೆ ಅಷ್ಟಾಗಿ ಒಗ್ಗುವುದಿಲ್ಲ. ‘ಒಗ್ಗು’ ಇಲ್ಲಿ ಅಚ್ಚುಕಟ್ಟಾದ ಮಾತು. ನನಗೆ ಅನುಮಾನವಿಲ್ಲ.

ಎರಡನೆಯದು ಮೀನು ಮತ್ತು ಮೀನು. ‘ಹೊಂದು’ ಸಾಕು ಅಂದುಕೊಂಡಿದ್ದೆ. ಪಕ್ಕದ ಮನೆಯ ಧಾರವಾಡದ ಅಕ್ಕ ತೊಟ್ಟಿ ನೋಡಿ “ಅವು ಹೊಂದಂಗಿಲ್ರೀ” ಅಂದಿದ್ದರು. ನಮ್ಮ ಕಡೆ ‘ಆಗಿಬರಲ್ಲ’, ‘ಎಣ್ಣೆ ಸೀಗೆಕಾಯಿ’ ಅನ್ನುತ್ತೇವೆ. ಎರಡು ಗಂಡು ಫೈಟರ್ ಮೀನನ್ನು ಒಂದೇ ನೀರಿಗೆ ಬಿಟ್ಟರೆ ಕಚ್ಚಾಡಿ ಸಾಯುತ್ತವೆ. ಅಲ್ಲಿ ಈ ಮಾತೆಲ್ಲಾ ಸರಿ. ಟೈಗರ್ ಬಾರ್ಬ್ ಏಂಜೆಲ್‌ನ ಉದ್ದ ರೆಕ್ಕೆಯನ್ನು ಸುಮ್ನೆ ಕಿತ್ತು ಕಿತ್ತು ನೋಡುತ್ತದೆ. ಅಲ್ಲಿ ‘ಕಾಟ’ ಇನ್ನೂ ಹತ್ತಿರದ ಪದ.

ಆದರೆ ಏಂಜೆಲ್ ಮತ್ತು ನಿಯಾನ್? ಅವಕ್ಕೆ ಜಗಳವೇ ಇಲ್ಲ. ಚಿಕ್ಕದಾಗಿದ್ದಾಗ ಜೊತೆಯಲ್ಲೇ ಓಡಾಡುತ್ತಿದ್ದವು. ನಿಯಾನ್ ಮೂರೂವರೆ ಸೆಂಟಿಮೀಟರ್ ಆಗಿ ನಿಂತುಬಿಟ್ಟಿತು, ಏಂಜೆಲ್‌ನ ಬಾಯಿ ಬೆಳೆಯಿತು, ಅಷ್ಟೇ. ಬಾಯಿಗೆ ಹಿಡಿಸದಷ್ಟು ದಿನ ನೆರೆಯವನು, ಹಿಡಿಸಿದ ದಿನ ಊಟ. ಹುಲಿಗೂ ಜಿಂಕೆಗೂ ಹೊಂದಿಕೆ ಇಲ್ಲ ಅಂತ ಯಾರಾದರೂ ಹೇಳುತ್ತಾರಾ? ನನಗಂತೂ ಕಿವಿಗೆ ಸರಿ ಕೇಳುವುದಿಲ್ಲ. ಮಗಳು ಈಗ “ನಿಯಾನನ್ನು ಏಂಜೆಲ್ ತಿನ್ನುತ್ತದೆ” ಅಂತ ನೇರವಾಗಿ ಬರೆದಿದ್ದಾಳೆ. ಪದವೇ ಬೇಡವಾಯಿತು.

ನಾನು ತಡವರಿಸುತ್ತಿರುವುದು ಮೂರನೆಯದರಲ್ಲಿ: ತೊಟ್ಟಿಯ ಆಕಾರ ಮತ್ತು ಮೀನು. ಜೀಬ್ರಾ ಮೀನಿಗೆ ನಮ್ಮ ನೀರು ಒಗ್ಗಿತು. ನಮ್ಮ ದೇಶದ್ದೇ ಮೀನು, ಗಟ್ಟಿ ಜೀವ. ಯಾರ ಜೊತೆಗೂ ದೊಡ್ಡ ತಕರಾರಿಲ್ಲ. ಆದರೂ ಬಾಳುವೆ ಸರಿಯಿಲ್ಲ. ಅದು ಅಡ್ಡಕ್ಕೆ ಓಡುವ ಮೀನು. ನಮ್ಮ ತೊಟ್ಟಿಯಲ್ಲಿ ಮೂಲೆಯಿಂದ ಮೂಲೆಗೆ 40 ಸೆಂಟಿಮೀಟರ್, ಅದಕ್ಕಿಂತ ಜಾಸ್ತಿ ಓಟ ಇಲ್ಲ. ಲೆಕ್ಕ ಹಾಕಿ ನೋಡಿದೆ. ನಮ್ಮದು ಸುಮಾರು 62 ಲೀಟರ್ ಹಿಡಿಯುತ್ತದೆ. 60 ಉದ್ದ, 30 ಅಗಲ, 35 ಎತ್ತರದ ಸಾದಾ ಪೆಟ್ಟಿಗೆಯೂ ಹೆಚ್ಚುಕಡಿಮೆ ಅಷ್ಟೇ, 63 ಲೀಟರ್. ಆದರೆ ಬಾಯಿ? ಪೆಟ್ಟಿಗೆಯದು 1800 ಚದರ ಸೆಂಟಿಮೀಟರ್, ನಮ್ಮದು 1040ರ ಹತ್ತಿರ. ನೀರಿಗೆ ಗಾಳಿ ಸೇರುವುದು ಆ ಬಾಯಿಯಿಂದಲೇ. ಹಾಗಾಗಿ ಅಷ್ಟೇ ನೀರಿದ್ದರೂ ಅಷ್ಟೇ ಮೀನು ಬಿಡಲಿಕ್ಕಾಗದು. ಗುಳ್ಳೆ ಬಿಡುವ ಪಂಪು ಇಟ್ಟರೆ ಸ್ವಲ್ಪ ಅನುಕೂಲ. ತಳದಲ್ಲಿ ಓಡಾಡಿಕೊಂಡು ಆಗಾಗ ಮೇಲೆ ಬಂದು ಗಾಳಿ ಗುಟುಕರಿಸುವ ಕೋರಿಡೋರಾಸ್ ಮೀನಿಗೆ ಇಷ್ಟೆತ್ತರ ಹತ್ತಿ ಇಳಿಯುವುದೇ ಕೆಲಸ. ಉದ್ದ ರೆಕ್ಕೆಯ ಫೈಟರ್‌ಗೂ ಅದೇ ಪಾಡು. ಏಂಜೆಲ್‌ನದು ಎತ್ತರದ ಮೈ, ಎತ್ತರ ಅದಕ್ಕೆ ಬೇಕು. ಆದರೆ ಬೆಳೆದ ಜೋಡಿಗೆ 62 ಲೀಟರ್ ಇಕ್ಕಟ್ಟು.

ಇದಕ್ಕೆ ಏನು ಹೇಳುವುದು? ‘ತೊಟ್ಟಿಗೆ ಹಿಡಿಸುವ ಮೀನು’ ಅಂದರೆ ಎಷ್ಟು ಮೀನು ತುಂಬಬಹುದು ಅನ್ನುವ ಹಾಗೆ ಕೇಳುತ್ತದೆ. ‘ಮೀನಿಗೆ ತೊಟ್ಟಿ ಹಿಡಿಸಿತು’ ಅಂದರೆ ಮೀನಿಗೆ ಇಷ್ಟವಾಯಿತು ಅಂತಾಗುತ್ತದೆ. ಟೈಲರ್ ಅಂಗಡಿಯಲ್ಲಿ “ರವಿಕೆ ಮೈಗೆ ಕೂತಿದೆ” ಅನ್ನುತ್ತಾರೆ, ಒಳ್ಳೆಯ ಮಾತು. ಆದರೆ ‘ತೊಟ್ಟಿಗೆ ಕೂರುವ ಮೀನು’ ಅಂದರೆ ಕಾಯಿಲೆ ಬಂದು ತಳದಲ್ಲಿ ಕೂತ ಮೀನು ಕಣ್ಣಿಗೆ ಬರುತ್ತದೆ. ‘ಒಪ್ಪುವ’ ಅಂದರೆ ನೋಡುವವರ ಕಣ್ಣಿಗೆ ಒಪ್ಪುವುದು. ಅದೇ ತಪ್ಪು ಮಾಡಿಯೇ ನಾನು ಏಂಜೆಲ್ ತಂದದ್ದು.

ಸದ್ಯಕ್ಕೆ ನನ್ನ ಮನಸ್ಸು ‘ತಕ್ಕ’ದ ಕಡೆಗಿದೆ. ತೊಟ್ಟಿಗೆ ತಕ್ಕ ಮೀನು. ತಾಳಕ್ಕೆ ತಕ್ಕ ಕುಣಿತ ಅನ್ನುವ ಹಾಗೆ. ತೊಂದರೆ ಬರುವುದು ‘ಅಲ್ಲ’ ಅನ್ನಬೇಕಾದಾಗ. ‘ಒಗ್ಗಲ್ಲ’, ‘ಹೊಂದಲ್ಲ’ ಎರಡೂ ಚುಟುಕು. ‘ತಕ್ಕದ್ದಲ್ಲ’ ಅಂದ ತಕ್ಷಣ ನೋಟಿಸ್ ಬೋರ್ಡಿನ ಕನ್ನಡ.

ಇನ್ನೊಂದು ಸಣ್ಣ ಅನುಮಾನ. ನಿಂತಿರುವ ಈ ಗಾಜಿನ ಕಂಬವನ್ನು ‘ತೊಟ್ಟಿ’ ಅನ್ನಬಹುದಾ? ದನಕ್ಕೆ ನೀರು ಕುಡಿಸುವ ತೊಟ್ಟಿ, ಬಚ್ಚಲ ತೊಟ್ಟಿ, ಎಲ್ಲವೂ ಬಾಯಿ ಅಗಲದವು. ಷಟ್ಕೋನದ ಮತ್ಸ್ಯಾಗಾರ ಅಂತ ಮಾತ್ರ ದಯವಿಟ್ಟು ಹೇಳಬೇಡಿ. ಗಪ್ಪಿಗೆ ‘ಲಾರ್ವಾಹಾರಿ ಮೀನು’ ಅಂತ ಗೋಡೆಯ ಮೇಲೆ ಬರೆಸಿದವರೇ ಸಾಕು. ಸೊಳ್ಳೆಮರಿ ತಿನ್ನುವ ಮೀನು ಅಂದಿದ್ದರೆ ಓಣಿಯ ಮಕ್ಕಳಿಗೂ ತಿಳಿಯುತ್ತಿತ್ತು.

ಏಂಜೆಲ್‌ಗಳನ್ನೂ ಉಳಿದ ನಿಯಾನ್‌ಗಳನ್ನೂ ಜೀಬ್ರಾಗಳನ್ನೂ ಗೆಳೆಯನೊಬ್ಬನಿಗೆ ಕೊಟ್ಟಾಯಿತು. ಅವನಲ್ಲಿ ಉದ್ದದ ತೊಟ್ಟಿಗಳು ಬೇಕಾದಷ್ಟಿವೆ, ಬೇರೆ ಬೇರೆ ಇಟ್ಟಿದ್ದಾನೆ. ನಮ್ಮಲ್ಲಿ ಈಗ ಆರು ಗಂಡು ಗಪ್ಪಿ ಇವೆ, ಹೆಣ್ಣು ಬಿಟ್ಟರೆ ತಿಂಗಳಿಗೊಂದು ಹೆರಿಗೆ. ಜೊತೆಗೆ ತಳದಿಂದ ಮೇಲಿನವರೆಗೆ ಹಬ್ಬುವ ಪಟ್ಟಿ ಎಲೆಯ ಗಿಡ.

ಕರಾವಳಿ, ಮಲೆನಾಡಿನ ಕಡೆಯವರು ಹೇಳಿ. ಬಲೆಗೆ, ಬುಟ್ಟಿಗೆ, ಕೆರೆಗೆ ಇಂಥ ಮೀನೇ ಸರಿ ಅನ್ನುವಾಗ ನಿಮ್ಮಲ್ಲಿ ಏನಂತಾರೆ? ಚಾರ್ಟಿನ ಮೂರನೇ ಸಾಲು ಇನ್ನೂ ಪೆನ್ಸಿಲಿನಲ್ಲೇ ಇದೆ.